ತಲಕಾಡಿನ ಮರಳ ದಂಡೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದವರಿಗೆ ಕಡಲು ದೂರ. ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವಂತೆ ಮರಳ ಮೇಲೆ ಕೂತು ನೀರು ನೋಡಬೇಕೆಂದರೆ ನಮಗಿರುವುದು ಕಾವೇರಿ ದಂಡೆ: ತಲಕಾಡು, ಬಲಮುರಿ, ಎಡಮುರಿ, ಮುತ್ತತ್ತಿ. ಜಾಗ ಚೆಂದ, ಜನ ಕಡಿಮೆ, ಖರ್ಚೂ ಕಡಿಮೆ. ಆದರೆ ಈ ದಂಡೆಗಳ ಬಹುಪಾಲು ಉದ್ದಕ್ಕೂ ಕಾಯುವವರು ಯಾರೂ ಇಲ್ಲ. ಹೋಗುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಹೆಚ್ಚಿನವು ತಲಕಾಡಿನ ಬಗ್ಗೆ, ಉಳಿದ ಜಾಗಗಳು ಬೇಕಾದಲ್ಲಿ ಬರುತ್ತವೆ.

ತಲಕಾಡಿನಲ್ಲಿ ಅಷ್ಟೊಂದು ಮರಳು ಎಲ್ಲಿಂದ ಬಂತು?

ಅಲಮೇಲಮ್ಮನ ಶಾಪದಿಂದ ಅಂತ ನಮ್ಮ ಅಜ್ಜಿಯರೆಲ್ಲ ಹೇಳಿದ್ದಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡರು. ಒಡವೆಗಾಗಿ ಬೆನ್ನಟ್ಟಿ ಬಂದವರ ಕೈಗೆ ಸಿಗದೆ, ಅಲ್ಲಿ ಆಳುತ್ತಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಮಾಲಂಗಿಯ ಬಳಿ ಹೊಳೆಗೆ ಹಾರಿದಳು ಎನ್ನುವುದು ಕಥೆ. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ" ಎಂದು ಶುರುವಾಗುವ ಅವಳ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ.

ಭೂವಿಜ್ಞಾನಿಗಳು ಹೇಳುವುದು ಬೇರೆ. ತಲಕಾಡಿನ ಬಳಿ ಕಾವೇರಿ ದೊಡ್ಡದಾಗಿ ತಿರುಗುತ್ತದೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ನೀರು ತಗ್ಗಿ ಬಯಲಾದ ಮರಳನ್ನು ಗಾಳಿ ಊರಿನ ಕಡೆಗೆ ತಳ್ಳಿತು. ಗಂಗರ ರಾಜಧಾನಿಯಾಗಿದ್ದ ಊರಿನ ಗುಡಿಗಳು ಒಂದೊಂದಾಗಿ ಮುಚ್ಚಿಹೋದವು. ಚೋಳರನ್ನು ಸೋಲಿಸಿದ ಮೇಲೆ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿಗೆ ಈಗಲೂ ಮರಳ ದಿಬ್ಬ ದಾಟಿಯೇ ಹೋಗಬೇಕು. ಗುಡಿಗಳನ್ನು ನೋಡಿಕೊಂಡು ಅದೇ ದಾರಿಯಲ್ಲಿ ಮುಂದೆ ನಡೆದರೆ ಹೊಳೆ ಸಿಗುತ್ತದೆ. ಬಹಳ ಜನ ಹೊಳೆಗೇ ಓಡುತ್ತಾರೆ, ಗುಡಿಗಳನ್ನು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಪಾತಾಳೇಶ್ವರ, ಮರಳೇಶ್ವರಕ್ಕೆ ಅರ್ಧ ಗಂಟೆ ಕೊಡಿ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ನೀರು ಇಳಿದಿರುತ್ತದೆ, ದಂಡೆ ಅಗಲವಾಗಿರುತ್ತದೆ. ಏಪ್ರಿಲ್, ಮೇನಲ್ಲೂ ಹೋಗಬಹುದು, ಆದರೆ ಹನ್ನೊಂದು ಗಂಟೆಯ ಮೇಲೆ ಮರಳು ಅಂಗಾಲು ಸುಡುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗುಡಿ ನೋಡಿ, ಹೊಳೆಯನ್ನು ದೂರದಿಂದ ನೋಡಿ, ಅಷ್ಟೇ. ಇಲ್ಲಿನ ಐದು ಶಿವಗುಡಿಗಳ ಜಾತ್ರೆಯಾದ ಪಂಚಲಿಂಗ ದರ್ಶನದ ವರ್ಷವಾದರೆ ಕಾರ್ತಿಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈಚೆಗೆ ಅದು ನಡೆದದ್ದು 2013ರಲ್ಲಿ, ಆಮೇಲೆ 2020ರಲ್ಲಿ.

ಮಳೆನೇ ಇಲ್ಲ, ಆಕಾಶ ನೀಲಿಯಾಗಿದೆ. ನೀರು ಹೇಗೆ ಏರುತ್ತೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ತಲಕಾಡಿನ ನೀರು ತಲಕಾಡಿನ ಮಳೆಯದಲ್ಲ. ಮೇಲೆ ಎರಡು ದೊಡ್ಡ ಅಣೆಕಟ್ಟೆಗಳಿವೆ. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯ ಕೆಆರ್‌ಎಸ್, ಕಬಿನಿಗೆ ಅಡ್ಡಲಾಗಿ ಬೀಚನಹಳ್ಳಿಯ ಜಲಾಶಯ. ಎರಡು ಹೊಳೆಗಳೂ ತಿರುಮಕೂಡಲಿನಲ್ಲಿ ಸೇರಿ ಆಮೇಲೆ ತಲಕಾಡಿಗೆ ಬರುತ್ತವೆ. ಹಾಗಾಗಿ ಕೊಡಗಿನಲ್ಲಿ ಮಳೆ ಹೊಡೆದರೂ ತಲಕಾಡಿನಲ್ಲಿ ನೀರು ಏರುತ್ತದೆ, ವಯನಾಡಿನಲ್ಲಿ ಹೊಡೆದರೂ ಏರುತ್ತದೆ. ಮಳೆಯೇ ಇಲ್ಲದ ದಿನ, ತಮಿಳುನಾಡಿಗೆ ನೀರು ಬಿಟ್ಟರೂ ಏರುತ್ತದೆ. ಗೇಟು ಎತ್ತಿದ ನೀರು ಹೊಳೆಗುಂಟ ಇಳಿದು ನಿಮ್ಮ ತನಕ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಬೆಳಿಗ್ಗೆ ಬಿಟ್ಟದ್ದು ನೀವು ಊಟಕ್ಕೆ ಕೂತಾಗ ಬರಬಹುದು. ಅಣೆಕಟ್ಟೆಯ ಬಳಿ ಸೈರನ್ ಕೂಗಿದರೂ ಇಷ್ಟು ದೂರಕ್ಕೆ ಕೇಳಿಸುವುದಿಲ್ಲ.

ಅದು ಯಾವಾಗಲೂ ಗೋಡೆಯಂತೆ ನುಗ್ಗಿ ಬರುವುದಿಲ್ಲ. ಮೆಲ್ಲಗೆ ಬರುತ್ತದೆ, ಅದೇ ಅಪಾಯ. ಮೊದಲು ದಂಡೆಯ ಒಣ ಮರಳು ಒದ್ದೆಯಾಗುತ್ತದೆ. ತಿಳಿಯಾಗಿದ್ದ ನೀರು ಕದಡುತ್ತದೆ. ಕಸಕಡ್ಡಿ, ಎಲೆ, ನೊರೆ ತೇಲಿ ಬರುತ್ತವೆ. ಹರಿವಿನ ಸದ್ದು ಬದಲಾಗುತ್ತದೆ. ನಡುವಿನ ಬಂಡೆಯ ಮೇಲೆ ಕೂತವರಿಗೆ ಇದು ಗೊತ್ತಾಗುವಷ್ಟರಲ್ಲಿ ಬಂಡೆಗೂ ದಡಕ್ಕೂ ನಡುವಿನ ನೀರು ದಾಟಲಾಗದಷ್ಟು ಜೋರಾಗಿರುತ್ತದೆ.

ಹೋದ ಕೂಡಲೇ ಒಂದು ಕೆಲಸ ಮಾಡಿ. ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ. ಆಗಾಗ ನೋಡುತ್ತಿರಿ. ಕಡ್ಡಿಯ ಬುಡ ನೀರಿನೊಳಗೆ ಹೋಗಿದ್ದರೆ ಎಲ್ಲರನ್ನೂ ಮೇಲಕ್ಕೆ ಕರೆಯಿರಿ. ಚಪ್ಪಲಿ, ಬಟ್ಟೆ ಅಂತ ತಡ ಮಾಡಬೇಡಿ.

ಪೇಪರಿನಲ್ಲಿ ಬರೋ ಒಳಹರಿವು, ಹೊರಹರಿವು ನಮಗೆ ಉಪಯೋಗಕ್ಕೆ ಬರುತ್ತಾ?

ಖಂಡಿತ ಬರುತ್ತದೆ. ಮಂಡ್ಯದ ರೈತರು ಬೆಳಿಗ್ಗೆ ಮೊದಲು ನೋಡುವ ಅಂಕಿ ಅದೇ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು ಸಮುದ್ರಮಟ್ಟದಿಂದ 2,284 ಅಡಿ. ಮಟ್ಟ ಇದರ ಹತ್ತಿರವಿದ್ದು ಒಳಹರಿವೂ ಜಾಸ್ತಿ ಇದ್ದರೆ ಯಾವ ಗಳಿಗೆಯಲ್ಲಾದರೂ ಗೇಟು ಎತ್ತುತ್ತಾರೆ. ನಿಮಗೆ ಬೇಕಾದದ್ದು ಹೊರಹರಿವು, ಅದೂ ಎರಡೂ ಅಣೆಕಟ್ಟೆಯದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎರಡು ಲಕ್ಷದ ಎಂಬತ್ತು ಸಾವಿರ ಲೀಟರಿಗೂ ಹೆಚ್ಚು. ನಿನ್ನೆಗಿಂತ ಇವತ್ತು ಹೊರಹರಿವು ಏರಿದ್ದರೆ ನೀರಿಗೆ ಇಳಿಯುವ ಯೋಚನೆ ಬಿಡಿ. ನದಿಪಾತ್ರಕ್ಕೆ ಇಳಿಯಬೇಡಿ ಎಂಬ ಪ್ರಕಟಣೆ ಬಂದಿದ್ದರೆ ಪ್ರವಾಸವನ್ನೇ ಇನ್ನೊಂದು ವಾರಕ್ಕೆ ಹಾಕಿ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ತುಂಬಿ ನಂಜನಗೂಡಿನ ಬಳಿ ಮೈಸೂರು–ಊಟಿ ರಸ್ತೆಯ ಮೇಲೇ ನೀರು ಹರಿದದ್ದು ನಮ್ಮ ಕಡೆಯವರಿಗೆ ನೆನಪಿರಬೇಕು.

ಮಂಡಿಯುದ್ದ ನೀರು ತಾನೇ, ಅದರಲ್ಲಿ ಏನಾಗುತ್ತೆ?

ಮಂಡಿಯುದ್ದ ಎಲ್ಲಿಯವರೆಗೆ ಅನ್ನುವುದು ಪ್ರಶ್ನೆ. ಹೊಳೆ ತಿರುಗುವಾಗ ಒಳಮಗ್ಗುಲಲ್ಲಿ ಮರಳು ಕೂರುತ್ತದೆ, ಹೊರಮಗ್ಗುಲನ್ನು ಕೊರೆಯುತ್ತದೆ. ನಾವು ಕೂರುವ ದಂಡೆ ಒಳಮಗ್ಗುಲಿನದು. ಅಲ್ಲಿಂದ ಆಚೆ ದಡದ ಕಡೆ ನಡೆಯುತ್ತಾ ಹೋದರೆ ಮಂಡಿ, ತೊಡೆ, ಸೊಂಟ ಅಂತ ಲೆಕ್ಕವಾಗಿ ಆಳವಾಗುತ್ತದೆ ಎಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ನೀರಿನಡಿಯ ಮರಳಿನ ಹಾಸು ಒಂದು ಕಡೆ ಕಡಿದಂತೆ ಮುಗಿಯುತ್ತದೆ. ಅದರ ಅಂಚಿನ ಮೇಲೆ ನಿಂತರೆ ಹಿಮ್ಮಡಿಯ ಕೆಳಗಿನ ಮರಳು ಜಾರಿ ಹೋಗುವುದು ಕಾಲಿಗೇ ತಿಳಿಯುತ್ತದೆ, ಮುಂದಿನ ಹೆಜ್ಜೆಗೆ ತಳವೇ ಸಿಗುವುದಿಲ್ಲ. ಹೆದರಿ ಹಿಂದಕ್ಕೆ ತಿರುಗಿದರೆ ಆ ತಿರುಗುವಿಕೆಗೇ ಇನ್ನಷ್ಟು ಮರಳು ಕುಸಿಯುತ್ತದೆ.

ಇದರ ಮೇಲೆ ಮನುಷ್ಯ ಮಾಡಿದ್ದು ಬೇರೆ. ಮರಳು ತೆಗೆದ ಗುಂಡಿಗಳು ಮಳೆಗಾಲದಲ್ಲಿ ನೀರಿನಡಿ ಮರೆಯಾಗುತ್ತವೆ. ಮೇಲೆ ನೋಡಿದರೆ ನೀರು ಸಮವಾಗಿಯೇ ಕಾಣುತ್ತದೆ. ಹೋದ ವರ್ಷ ನೀವು ಆಡಿದ ಜಾಗ ಈ ವರ್ಷ ಮಡುವಾಗಿರಬಹುದು. ಒಂದು ಪ್ರವಾಹ ಬಂದು ಹೋದರೆ ಹೊಳೆಯ ತಳವೇ ಬೇರೆಯಾಗುತ್ತದೆ. "ನಮಗೆ ಈ ಜಾಗ ಗೊತ್ತು" ಅನ್ನುವ ಮಾತು ಹೊಳೆಯ ವಿಷಯದಲ್ಲಿ ನಡೆಯುವುದಿಲ್ಲ.

ಸೆಳವಿನ ಲೆಕ್ಕವೂ ಇದೆ. ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಜೋರು ಹರಿವಿದ್ದರೆ ಮೊಣಕಾಲಿಗಿಂತ ಕೆಳಗಿನ ನೀರೇ ದೊಡ್ಡವರನ್ನು ಬೀಳಿಸುತ್ತದೆ.

ನನಗೆ ಚೆನ್ನಾಗಿ ಈಜು ಬರುತ್ತೆ. ನನಗೂ ಇದೇ ಮಾತಾ?

ನಿಮಗೇ ಇದನ್ನು ಒತ್ತಿ ಹೇಳಬೇಕು. ಈಜುಕೊಳದಲ್ಲಿ ನೀರು ನಿಂತಿರುತ್ತದೆ, ತಳ ಕಾಣುತ್ತದೆ, ಸುಸ್ತಾದರೆ ಹಿಡಿಯಲು ಅಂಚಿರುತ್ತದೆ. ಹೊಳೆಯಲ್ಲಿ ಇವು ಮೂರೂ ಇಲ್ಲ. ಗೋಕರ್ಣದಲ್ಲಿ, ಮಲ್ಪೆಯಲ್ಲಿ ಈಜಿದ್ದೇನೆ ಅನ್ನುವವರು ಇನ್ನೊಂದು ವಿಷಯ ತಿಳಿದಿರಲಿ. ಉಪ್ಪುನೀರು ಸಿಹಿನೀರಿಗಿಂತ ಭಾರ, ಅದರಲ್ಲಿ ದೇಹ ಹೆಚ್ಚು ತೇಲುತ್ತದೆ. ಕಾವೇರಿಯಲ್ಲಿ ಅದೇ ಮನುಷ್ಯ ಬೇಗ ದಣಿಯುತ್ತಾನೆ. ಕುಡಿದು ಇಳಿಯುವವರಿಗೆ ಹೇಳುವುದು ಒಂದೇ: ಇಳಿಯಬೇಡಿ. ಜೊತೆಗಿರುವವರು ಅವರ ಕೈ ಹಿಡಿದು ಕೂರಿಸಿಕೊಳ್ಳಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಬಲಮುರಿಯ ಕಟ್ಟೆ ಮೇಲೆ ಎಲ್ಲರೂ ನಡೀತಾರಲ್ಲ?

ನಡೆಯುತ್ತಾರೆ, ಜಾರುತ್ತಾರೆ ಕೂಡ. ಕಟ್ಟೆಯ ಮೇಲೆ ಬೆರಳುದ್ದ ನೀರು ಹರಿಯುತ್ತಿರುತ್ತದೆ. ಅದರಡಿ ಕಲ್ಲಿಗೆ ಹಸಿರು ಪಾಚಿ ಹತ್ತಿರುತ್ತದೆ. ಒಣಗಿದ ಜಾಗದಿಂದ ಒದ್ದೆ ಜಾಗಕ್ಕೆ ಕಾಲಿಟ್ಟ ಕ್ಷಣದಲ್ಲೇ ಕಾಲು ಹೋಗುತ್ತದೆ. ಚಪ್ಪಲಿ ಹಾಕಿದ್ದರೂ ಜಾರುತ್ತದೆ, ಬರಿಗಾಲಿಗೂ ಜಾರುತ್ತದೆ.

ಬಿದ್ದರೆ ಏನು ಅನ್ನುವುದು ಇನ್ನೂ ಮುಖ್ಯ. ಕಟ್ಟೆ ದಾಟಿ ಧುಮುಕುವ ನೀರು ಕೆಳಗೆ ತಳಕ್ಕೆ ಬಡಿದು ಮೇಲೆದ್ದು ಮತ್ತೆ ಕಟ್ಟೆಯ ಕಡೆಗೇ ತಿರುಗುತ್ತದೆ. ಅದರಲ್ಲಿ ಸಿಕ್ಕವರನ್ನು ಸುತ್ತಿ ಸುತ್ತಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಬರೀ ಬಿಳಿ ನೊರೆ, ಮಕ್ಕಳಿಗೆ ಆಟದ ಹಾಗೆ ಕಾಣುತ್ತದೆ. ಮಾಧವಮಂತ್ರಿ ಕಟ್ಟೆಯಾಗಲಿ, ಹೊಳೆಗೆ ಅಡ್ಡ ಕಟ್ಟಿದ ಬೇರೆ ಯಾವ ಹಳೆಯ ಕಟ್ಟೆಯಾಗಲಿ, ನೀರು ದುಮ್ಮಿಕ್ಕುವ ಬುಡಕ್ಕೆ ಹೋಗಬೇಡಿ. ಫೋಟೋಗೆ ದಡ ಸಾಕು.

ಪೊಲೀಸರು, ಈಜು ಬಲ್ಲವರು ಯಾರೂ ಇರಲ್ವಾ?

ಜಾತ್ರೆ, ರಜಾದಿನಗಳಲ್ಲಿ ಜನ ಸೇರುವ ಕಡೆ ಪೊಲೀಸರು ಇರಬಹುದು. ಅಲ್ಲಿಂದ ಸ್ವಲ್ಪ ದೂರ ದಂಡೆ ಹಿಡಿದು ನಡೆದರೆ ಯಾರೂ ಇರುವುದಿಲ್ಲ. ಇರುವವರೆಂದರೆ ತೆಪ್ಪದವರು, ಮೀನು ಹಿಡಿಯುವವರು, ದನ ಮೇಯಿಸುವವರು, ಬಟ್ಟೆ ಒಗೆಯಲು ಬಂದ ಊರಿನ ಹೆಂಗಸರು. ಹೊಳೆ ಈ ವಾರ ಹೇಗಿದೆ ಎಂದು ಅವರಿಗೆ ಗೊತ್ತು. ಕಾರಿನಿಂದ ಇಳಿದ ಮೇಲೆ ಮೊದಲು ಮಾತಾಡಬೇಕಾದದ್ದು ಅವರೊಡನೆ. "ಅಣ್ಣಾ, ಇಲ್ಲಿ ಎಲ್ಲಿ ಮಡು ಇದೆ?" ಅಂತ ಕೇಳಿ. "ಇಲ್ಲಿ ಇಳೀಬಹುದಾ?" ಅಂತ ಕೇಳಿದರೆ ಬಂದವರ ಮನಸ್ಸು ನೋಯಿಸಬಾರದೆಂದು ಹೂಂ ಅಂದುಬಿಡುವವರೂ ಇದ್ದಾರೆ. ಬೇಡ ಅಂತ ಅಮ್ಮನೋ ಅಜ್ಜನೋ ಒಮ್ಮೆ ಹೇಳಿದರೆ ವಾದ ಮಾಡದೆ ಹಿಂದೆ ಬನ್ನಿ.

ಮಕ್ಕಳನ್ನ ಕರ್ಕೊಂಡು ಹೋಗ್ತೀವಿ, ಏನು ಎಚ್ಚರ ವಹಿಸಬೇಕು?

ಮುಳುಗುವ ಮಗು ಕಿರುಚುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಆಗುವುದಿಲ್ಲ. ಹತ್ತು ಜನರ ನಡುವೆಯೂ ಸದ್ದಿಲ್ಲದೆ ಮುಳುಗಿಬಿಡುತ್ತದೆ, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಅದಕ್ಕೇ ಒಬ್ಬರನ್ನು ಹೆಸರು ಹಿಡಿದು ನೇಮಿಸಿ. "ಈಗ ಚಿಕ್ಕಪ್ಪ ನೋಡ್ಕೋತಾರೆ, ಅರ್ಧ ಗಂಟೆ ಆದಮೇಲೆ ಅತ್ತೆ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ. ನೋಡಿಕೊಳ್ಳುವವರ ಕೈಯಲ್ಲಿ ಮೊಬೈಲ್ ಬೇಡ. ಮಗು ಅವರ ಕೈಗೆ ಎಟುಕುವಷ್ಟು ಹತ್ತಿರವೇ ಇರಬೇಕು. ಊಟ ಬಡಿಸುವ ಹೊತ್ತು, ಹೊರಡಲು ಸಾಮಾನು ಕಟ್ಟುವ ಹೊತ್ತು ಎಲ್ಲರ ಗಮನ ತಪ್ಪುತ್ತದೆ, ಆಗ ಇನ್ನೂ ಹುಷಾರು.

ಮಕ್ಕಳಿಗೆ ನೀರೇ ಬೇಕು ಅಂತಿಲ್ಲ. ಒದ್ದೆ ಮರಳಲ್ಲಿ ಗೂಡು ಕಟ್ಟಲು ಬಿಟ್ಟರೆ ಸಂಜೆವರೆಗೂ ಆಡುತ್ತವೆ. ದಡದಲ್ಲಿ ರೈತರ ಪಂಪ್‌ಸೆಟ್ ವೈರುಗಳು ಮರಳಲ್ಲಿ ಹಾದುಹೋಗಿರುತ್ತವೆ, ಅತ್ತ ಬಿಡಬೇಡಿ.

ಅಸ್ಥಿ ಬಿಡೋಕೆ ಬರ್ತಿದ್ದೀವಿ. ಮುಳುಗು ಹಾಕಲೇಬೇಕಲ್ಲ?

ತಿರುಮಕೂಡಲಿಗೆ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಈ ಕಾರ್ಯಕ್ಕೆ ದಿನವೂ ಜನ ಬರುತ್ತಾರೆ. ದುಃಖದಲ್ಲಿರುವವರು, ರಾತ್ರಿ ನಿದ್ದೆಯಿಲ್ಲದವರು, ಹೊಟ್ಟೆಗೆ ಏನೂ ಇಲ್ಲದವರು ಹೊಳೆಗೆ ಇಳಿಯುತ್ತಾರೆ. ಅಂಥವರಿಗೆ ತಲೆ ತಿರುಗುವುದು ಸುಲಭ. ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ತಲೆಗೆ ನೀರು ಹುಯ್ದುಕೊಂಡರೂ ಸ್ನಾನ ಸ್ನಾನವೇ, ಪುರೋಹಿತರನ್ನು ಕೇಳಿದರೆ ಅವರೇ ಹೇಳುತ್ತಾರೆ. ಮುಳುಗಲೇಬೇಕೆಂದರೆ ಸರಪಳಿಯೋ ಇನ್ನೊಬ್ಬರ ಕೈಯೋ ಹಿಡಿದು, ಕೊನೆಯ ಮೆಟ್ಟಿಲು ಬಿಡದೆ. ಉಟ್ಟ ಬಟ್ಟೆಯನ್ನು ಹೊಳೆಯಲ್ಲಿ ಬಿಟ್ಟು ಬರುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಆ ಸೀರೆ, ಪಂಚೆಗಳು ಕಲ್ಲಿಗೆ ಸಿಕ್ಕಿಕೊಂಡು ಮುಂದೆ ಬರುವವರ ಕಾಲಿಗೆ ಸುತ್ತಿಕೊಳ್ಳುತ್ತವೆ.

ತೆಪ್ಪದಲ್ಲಿ ಹೋಗಬಹುದಾ?

ನೀರು ಇಳಿದಿರುವ ಕಾಲದಲ್ಲಿ, ಲೈಫ್ ಜಾಕೆಟ್ ಕೊಟ್ಟರೆ, ಹೋಗಿ. ಜಾಕೆಟ್ ಇಲ್ಲದಿದ್ದರೆ ಬೇಡ. ಮೊದಲೇ ತುಂಬಿರುವ ತೆಪ್ಪಕ್ಕೆ ಹತ್ತಬೇಡಿ, ಹತ್ತಿದ ಮೇಲೆ ಎದ್ದು ನಿಲ್ಲಬೇಡಿ. ಗಿರಗಿರನೆ ಸುತ್ತಿಸಿ ಎಂದು ನಡುಹೊಳೆಯಲ್ಲಿ ಅಂಬಿಗರನ್ನು ಒತ್ತಾಯ ಮಾಡುವುದು ಬೇಡ.

ಮೊಸಳೆ ಇದೆಯಂತೆ, ನಿಜವಾ?

ಕಾವೇರಿಯಲ್ಲಿ ಮೊಸಳೆ ಇವೆ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದನ್ನು ದೋಣಿಯಿಂದ ಎಲ್ಲರೂ ನೋಡಿದ್ದೇವೆ. ಅವು ಒಂದೇ ಕಡೆ ಇರುವ ಪ್ರಾಣಿಗಳಲ್ಲ, ಹೊಳೆಗುಂಟ ಓಡಾಡುತ್ತವೆ. ಊರಿನವರು ಇಲ್ಲಿ ಕಂಡಿದೆ ಎಂದರೆ ನಂಬಿ. ಮುಂಜಾನೆ, ಮುಸ್ಸಂಜೆ ನೀರಿನಂಚಿನಲ್ಲಿ ಕೂರಬೇಡಿ. ಮೀನು, ಮಾಂಸ ತೊಳೆದ ನೀರನ್ನು ಹೊಳೆಗೆ ಚೆಲ್ಲಬೇಡಿ. ಬೇಸಿಗೆಯಲ್ಲಿ ಅವು ದಂಡೆಯ ಮರಳಲ್ಲೇ ಗುಂಡಿ ತೋಡಿ ಮೊಟ್ಟೆಯಿಡುತ್ತವೆ, ತಾಯಿ ಹತ್ತಿರದಲ್ಲೇ ಕಾಯುತ್ತಿರುತ್ತದೆ.

ಅದೇ ಕಾಲದಲ್ಲಿ ರೀವ ಹಕ್ಕಿಗಳೂ ಬರೀ ಮರಳಲ್ಲಿ ಮೊಟ್ಟೆಯಿಡುತ್ತವೆ. ಗೂಡಿಲ್ಲ, ಮರಳಿನದೇ ಬಣ್ಣ, ಕಾಲಡಿ ಬಂದರೂ ಕಾಣುವುದಿಲ್ಲ. ತಲೆಯ ಮೇಲೆ ಹಕ್ಕಿ ಕೂಗುತ್ತಾ ಸುತ್ತುತ್ತಿದ್ದರೆ ನೀವು ಅದರ ಮೊಟ್ಟೆಯ ಹತ್ತಿರ ಇದ್ದೀರಿ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಮರಳ ಮೇಲೆ ಜೀಪು, ಬೈಕು ಓಡಿಸುವವರನ್ನು ಕಂಡರೆ ನನಗೆ ಸಂಕಟವಾಗುವುದು ಈ ಮೊಟ್ಟೆಗಳಿಗಾಗಿ.

ಮುತ್ತತ್ತಿಯೂ ಇದೇ ಥರನಾ?

ಇನ್ನೂ ಬಿರುಸು. ಅದು ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿ ವನ್ಯಜೀವಿ ಧಾಮದ ಒಳಗೆ. ಸೀತೆಯ ಮೂಗುತಿಯನ್ನು ಆಂಜನೇಯ ಬಾಲದಿಂದ ಹುಡುಕಿ ತೆಗೆದ ಜಾಗ ಅಂತ ಐತಿಹ್ಯ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಅಲ್ಲಿ ಬಂಡೆಗಳ ನಡುವೆ ಹರಿಯುತ್ತದೆ. ಬಂಡೆಯ ಸಂದುಗಳಲ್ಲಿ ಸುಳಿ. ಮುತ್ತೆತ್ತರಾಯನಿಗೆ ಕೈಮುಗಿದು, ದಡದಲ್ಲಿ ಊಟ ಮಾಡಿ, ಕತ್ತಲಾಗುವ ಮೊದಲೇ ಹೊರಡಿ. ಆನೆಗಳು ಓಡಾಡುವ ರಸ್ತೆ ಅದು.

ಸೆಳವಿಗೆ ಸಿಕ್ಕಿಬಿಟ್ಟರೆ ಏನು ಮಾಡೋದು?

ಹರಿವಿಗೆ ಎದುರಾಗಿ ಈಜಬೇಡಿ. ಅಂಗಾತ ಮಲಗಿ, ಕಾಲು ಹರಿವಿನ ದಿಕ್ಕಿಗೆ ಮುಂದಿರಲಿ, ಬಂಡೆ ಬಂದರೆ ಕಾಲು ಮೊದಲು ತಾಗಲಿ. ಜೋರು ನೀರಲ್ಲಿ ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಕ್ಕಿ ನೀರು ಮೇಲೆ ಹಾಯುತ್ತದೆ. ತೇಲುತ್ತಲೇ ಓರೆಯಾಗಿ ದಡದ ಕಡೆ ಕೈ ಹಾಕುತ್ತಾ ಬನ್ನಿ. ಇಳಿದ ಜಾಗಕ್ಕೆ ವಾಪಸ್ ಬರಬೇಕಿಲ್ಲ, ಎಲ್ಲಿ ದಡ ಸಿಕ್ಕರೂ ದಡವೇ.

ನಮ್ಮ ಕಣ್ಣೆದುರೇ ಯಾರೋ ಮುಳುಗ್ತಿದ್ದರೆ ಸುಮ್ಮನೆ ನಿಲ್ಲೋದಾ?

ಸುಮ್ಮನೆ ನಿಲ್ಲಬೇಡಿ, ಹಾರಲೂ ಬೇಡಿ. ಒಬ್ಬರನ್ನು ಉಳಿಸಲು ಹೋಗಿ ಅಣ್ಣ ತಮ್ಮ, ತಂದೆ ಮಗ, ಒಟ್ಟೊಟ್ಟಿಗೆ ಹೋದ ಸುದ್ದಿ ನಮ್ಮ ಜಿಲ್ಲೆಗಳ ಪೇಪರಿನಲ್ಲಿ ಎಷ್ಟು ಸಲ ಬಂದಿಲ್ಲ! ಮುಳುಗುವವರು ಕೈಗೆ ಸಿಕ್ಕವರ ಕುತ್ತಿಗೆ ಹಿಡಿಯುತ್ತಾರೆ, ಅದು ಅವರ ತಪ್ಪಲ್ಲ.

ಏನಾದರೂ ಎಸೆಯಿರಿ. ಖಾಲಿ ನೀರಿನ ಕ್ಯಾನು ಮುಚ್ಚಳ ಬಿಗಿದು ಎಸೆದರೆ ಒಬ್ಬರನ್ನು ತೇಲಿಸುತ್ತದೆ. ಹಗ್ಗವಿದ್ದರೆ ಅದಕ್ಕೆ ಕಟ್ಟಿ. ಹಗ್ಗ ಇಲ್ಲದಿದ್ದರೆ ಸೀರೆ. ಆರು ಗಜದ ಸೀರೆ ಐದೂವರೆ ಮೀಟರ್ ಉದ್ದ, ಎರಡನ್ನು ಗಂಟು ಹಾಕಿದರೆ ಹತ್ತು ಮೀಟರ್. ತುದಿಗೆ ನೀರು ತುಂಬಿದ ಸಣ್ಣ ಬಾಟಲಿ ಕಟ್ಟಿದರೆ ದೂರ ಹೋಗುತ್ತದೆ. ಎಳೆಯುವವರು ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ, ಇನ್ನೊಬ್ಬರು ಅವರ ಕಾಲು ಹಿಡಿಯಲಿ. ಇನ್ಯಾರಾದರೂ ತೆಪ್ಪದವರನ್ನು ಕೂಗಲಿ, 112ಕ್ಕೆ ಫೋನ್ ಮಾಡಲಿ.

ದಡಕ್ಕೆ ತಂದ ಮೇಲೆ?

ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ, ಅದರಲ್ಲಿ ಹೊತ್ತು ಕಳೆಯುತ್ತದೆ. ಉಸಿರಿದೆಯಾ ನೋಡಿ. ಇದ್ದರೆ ಮಗ್ಗುಲಾಗಿ ಮಲಗಿಸಿ. ಇಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಐದು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ ಎರಡೂ ಅಂಗೈಯಿಂದ 30 ಸಲ ಒತ್ತಿ. ದೊಡ್ಡವರಿಗೆ ಎದೆ ಸುಮಾರು ಎರಡು ಇಂಚು ಕೆಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120ರ ವೇಗ. ಮತ್ತೆ ಎರಡು ಉಸಿರು, ಮತ್ತೆ 30. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ನಂಬರ್ 108. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆ ಬಿಟ್ಟು ತೊಂದರೆ ಕೊಡಬಹುದು.

ಏನೇನು ತಗೊಂಡು ಹೋಗಬೇಕು?

ಕುಡಿಯುವ ನೀರು, ಟೋಪಿ, ಉದ್ದದ ಹಗ್ಗ, ಮುಚ್ಚಳವಿರುವ ಖಾಲಿ ಕ್ಯಾನು, ಕಸಕ್ಕೆ ಚೀಲ. ಗಾಜಿನ ಬಾಟಲಿ ಬೇಡವೇ ಬೇಡ, ಒಡೆದ ಚೂರು ಮರಳಲ್ಲಿ ವರ್ಷಗಟ್ಟಲೆ ಇರುತ್ತದೆ.

ಬಸ್ಸಿನಲ್ಲಿ ಹೋಗಿಬರಬಹುದಾ?

ಆರಾಮಾಗಿ. ಮೈಸೂರಿನಿಂದ ಸುಮಾರು 45 ಕಿ.ಮೀ., ಟಿ. ನರಸೀಪುರದಲ್ಲಿ ಬಸ್ಸು ಬದಲಿಸಬೇಕಾಗಬಹುದು. ಮಂಡ್ಯದವರಿಗೆ ಬನ್ನೂರಿನ ದಾರಿಯೂ ಆಗುತ್ತದೆ, ಮಳವಳ್ಳಿಯ ದಾರಿಯೂ ಆಗುತ್ತದೆ. ವಾಪಸ್ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.

ಅಪಾಯದ ಜಾಗದಲ್ಲಿ ಒಂದು ಬೋರ್ಡೂ ಇಲ್ಲ. ಯಾರಿಗೆ ಹೇಳೋದು?

ಆ ಊರಿನ ಗ್ರಾಮ ಪಂಚಾಯ್ತಿಗೆ, ಅದರ ಒಂದು ಪ್ರತಿಯನ್ನು ತಹಶೀಲ್ದಾರರಿಗೆ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ, ಬಿಳಿ ಹಾಳೆಯಲ್ಲಿ ಬರೆದು ಕೊಡಿ. ಜಾಗದ ಫೋಟೋ ಇರಲಿ, ಹತ್ತಿರದ ಗುಡಿ ಅಥವಾ ಸೇತುವೆಯಿಂದ ಎಷ್ಟು ದೂರ, ಯಾವ ದಿಕ್ಕು ಎಂದು ಬರೆಯಿರಿ. ಬೋರ್ಡಿನ ಜೊತೆ ದಡದ ಮರಕ್ಕೆ ಒಂದು ಟ್ಯೂಬು ಮತ್ತು ಹಗ್ಗ ತೂಗುಹಾಕಲು ಕೇಳಿ, ಬೋರ್ಡಿಗಿಂತ ಅದಕ್ಕೆ ಖರ್ಚು ಕಡಿಮೆ. ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಊರಿನವರ ಸಹಿ ನಾಲ್ಕಿದ್ದರೆ ಇನ್ನೂ ಬೇಗ ಕೆಲಸವಾಗುತ್ತದೆ, ತೆಪ್ಪದವರನ್ನು ಕೇಳಿದರೆ ಅವರೇ ಮೊದಲು ಸಹಿ ಹಾಕುತ್ತಾರೆ.